ಒಲೆಯ ಮಟ್ಟಕ್ಕೆ

ಮೊದಲು ಬರೀ ಗುಂಡಿ.
ಮಾಳಿಗೆಯಿಂದ ಬಗ್ಗಿ ನೋಡಿದರೆ ಹಳದಿ ಟೊಪ್ಪಿಗೆ, ಕೆಮ್ಮು.
ರೈಲ್ವೆ ಗೇಟು ಬಿದ್ದಾಗೆಲ್ಲ ಆಟೋದವರು ಇಳಿದು ಬಂದು
ಒಳಗೆ ಇಣುಕುವರು
ಬೋರಿಗೆ ನೀರು ಬಿತ್ತಾ ಅನ್ನುವ ಹಾಗೆ.

‘ಮುಗಿಯಂಗಿಲ್ಲ ಬಿಡ್ರಿ ಇದು’ ಅಂದ
ಕೆಳಗಿನಂಗಡಿ ಚಮನ್ ಸಾಬ್, ಮಂಡಕ್ಕಿ ಅಳೆಯುತ್ತ.
ಮೂರು ವರ್ಷ ಅದೇ ಮಾತು ಅಳೆದ,
ಸೇರಿಗೊಂದು ಹಿಡಿ ಹೆಚ್ಚೇ ಹಾಕಿ.

ಆಮೇಲೆ ಕಂಬ ಎದ್ದವು.
ಸಿಮೆಂಟು ಒಗ್ಗರಣೆಯಲ್ಲೂ ಕೂತಿತು;
ಒಣಗಿದ ಸೀರೆ ಜಾಡಿಸಿದರೆ
ಇನ್ನೊಂದು ಸೀರೆಯಷ್ಟು ಧೂಳು.
ಬೈದೆ. ಇಲ್ಲ ಅನ್ನಲ್ಲ, ಕಿಟಕಿ ತೆಗೆದೇ ಬೈದೆ.
ಕನ್ನಡ ಬಾರದ ಹುಡುಗರು ತಲೆ ಎತ್ತಿ
ಕೈ ಮುಗಿದುಬಿಟ್ಟರು.

ಒಂದು ಮುಂಜಾನೆ ದೋಸೆ ಹಂಚಿಗೆ ನೀರು ಚಿಮುಕಿಸಿ
ಕಣ್ಣೆತ್ತಿದರೆ ಎದುರಿಗೇ ಮುಖ.
ಸೇತುವೆ ನನ್ನ ಒಲೆಯ ಮಟ್ಟಕ್ಕೆ ಬಂದಿತ್ತು.
ನಡುವೆ ಒಂದೂವರೆ ಮಾರು ಬಯಲು,
ಆ ಕಡೆ ಕಬ್ಬಿಣ ಕಟ್ಟುವ ಹುಡುಗ,
ಈ ಕಡೆ ನಾನು, ಕೈಯಲ್ಲಿ ಸಟುಗ.
ಇಬ್ಬರೂ ನಾಚಿದೆವು.

ಹೆಸರು ಬಿಪುಲ್ ಅಂತೆ. ಊರು ಮಾಲ್ದಾ ಅಂತೆ.
ಬಾಟಲಿ ತಲೆಕೆಳಗು ಮಾಡಿ ತೋರಿಸುವನು.
ಬಟ್ಟೆ ಒಣಹಾಕುವ ಬಿದಿರಿನ ಗಳದ ತುದಿಗೆ
ಹಾಲಿನ ಕ್ಯಾನು ಸಿಕ್ಕಿಸಿ ನಾನು ಚಾಚುವೆನು.
ಅತ್ತ ಕ್ರೇನು ನೂರು ಟನ್ನಿನ ತೊಲೆ ಎತ್ತುತ್ತಿದ್ದರೆ
ನನ್ನ ಗಳ ಎರಡು ಲೀಟರಿಗೇ ಬಾಗುತ್ತಿತ್ತು.
ಮೊದಲ ದಿನ ಕ್ಯಾನು ಜಾರಿ
ಚಮನ್ ಸಾಬನ ತಗಡಿನ ಮೇಲೆ ಢಣ್!
ಮರುದಿನ ಅವನು ಸರಳು ಕಟ್ಟುವ ತಂತಿ ಮೂರೆಳೆ ಹೊಸೆದು
ಕೊಕ್ಕೆ ಮಾಡಿ ಗಳಕ್ಕೆ ಬಿಗಿದು ಕಳಿಸಿದ.
ಒಮ್ಮೆ ಖಾರ ಮಂಡಕ್ಕಿ ಕೊಟ್ಟೆ, ಮೇಲೆರಡು ಮೆಣಸಿನಕಾಯಿ ಬಜ್ಜಿ.
ಕಣ್ಣು ಒರೆಸಿಕೊಂಡು ಇನ್ನೊಂದು ಬೆರಳು ತೋರಿಸಿದ.

ಅವನು ಹೋದ ದಿನ ಗೊತ್ತಾಗಲಿಲ್ಲ.
ಟಾರಿನವರು ಬಂದಿದ್ದರು, ಕೊಪ್ಪಳದ ಕಡೆಯವರು,
ಅವರ ನೀರು ಅವರೇ ತಂದಿದ್ದರು.

ಸೋಮವಾರ ಉದ್ಘಾಟನೆ ಅಂತೆ.
ನೆರಳು ಬಿದ್ದ ಅಂಗಡಿಯಲ್ಲಿ ಹಗಲೇ ಬಲ್ಬು ಹಚ್ಚಿ
‘ಮುಗೀತಲ್ರೀ’ ಅಂದ ಚಮನ್ ಸಾಬ್.
ಯಾವುದು ಅಂತ ನಾನು ಕೇಳಲಿಲ್ಲ.

ಇನ್ನು ಹರಿಹರದ ಬಸ್ಸಿನ ಕಿಟಕಿ ಸೀಟಿನವರು
ನನ್ನ ಸಾಸಿವೆ ಡಬ್ಬಿ ಎಣಿಸಿಕೊಂಡು ಹೋಗಬಹುದು.
ಚೌಕಿಪೇಟೆಯಿಂದ ಪರದೆ ಬಟ್ಟೆ ತಂದೆ,
ದಪ್ಪನೆಯದು, ತೊಳೆದರೂ ಬಣ್ಣ ಬಿಡದ್ದು.
ಕೈಗೆಟುಕದ ಮೂಲೆಗೆ ಗಳದ ಕೊಕ್ಕೆಯಿಂದ
ಎಳೆದು ನೋಡಿದೆ.

ಒಂದು ಗೇಣು ಕಮ್ಮಿ ಬಿತ್ತು.
ಇರಲಿ.