ಹಾಳಾದ ಹಾಳೆಗಳು

ಮಂಡ್ಯದಲ್ಲಿ ಕರೆಂಟು ಹೋದರೆ
ನನ್ನ ಜೆರಾಕ್ಸ್ ಮಿಷನ್ನು ಅರ್ಧ ಹಾಳೆ ನುಂಗಿ ನಿಲ್ಲುತ್ತದೆ.
ಬಾಗಿಲು ತೆಗೆದು, ಬಿಸಿ ರೋಲರಿನ ಸಂದಿಯಿಂದ
ಕರು ಎಳೆವ ಹಾಗೆ ಮೆಲ್ಲಗೆ ಎಳೆಯುತ್ತೇನೆ.
ಬೇಯದ ಮಸಿಪುಡಿ, ಸುಕ್ಕು, ನಡುವೆ ಒಂದು ಪದ:
ಯುಬಿಕ್ವಿಟಸ್.
ಅರ್ಥ ಹರಿದ ಕಡೆ ಉಳಿದಿರುತ್ತದೆ.

ಕೋಚಿಂಗಿನ ಹುಡುಗರು ತರುವ ಪಟ್ಟಿಗಳು ಇವು,
ಬ್ಯಾಂಕ್ ಪರೀಕ್ಷೆಗೆ ಐನೂರು ಪದ, ಪುಟಕ್ಕೆ ಒಂದು ರೂಪಾಯಿ.
ಚೆನ್ನಾಗಿ ಬಂದದ್ದನ್ನು ಅವರು ಒಯ್ಯುತ್ತಾರೆ.
ಓರೆ ಬಂದದ್ದು, ಮಸಿ ಮೆತ್ತಿದ್ದು, ಎರಡು ಸಲ ಅಚ್ಚಾದದ್ದು
ನನ್ನ ಪಾಲು.
ಹಿಂಬದಿಯಲ್ಲಿ ಹಾಲಿನ ಲೆಕ್ಕ ಬರೆಯುತ್ತಿದ್ದೆ;
ಒಂದು ದಿನ ಮುಂಬದಿ ಓದಿದೆ, ಅಷ್ಟೆ.

ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ಮೂವತ್ತೈದು ನನಗೆ,
ಅದೂ ಮೇಷ್ಟ್ರು ಮನಸ್ಸು ಮಾಡಿ.
ಈಗ ನಲವತ್ತೊಂದಕ್ಕೆ, ಗಿರಾಕಿ ಇಲ್ಲದ ಮೂರು ಗಂಟೆಯ ಬಿಸಿಲಲ್ಲಿ
ಪ್ರೊಕ್ರಾಸ್ಟಿನೇಟ್ ಎಂದು ಬಾಯಿ ತುಂಬ ಹೇಳಿ
ಮಿಷನ್ನಿನ ಗಾಜಿನಲ್ಲಿ ತುಟಿ ನೋಡಿಕೊಂಡೆ.
ನಾಳೆ ಮಾಡೋಣ ಬಿಡು ಎನ್ನುವುದಕ್ಕೆ
ಇಷ್ಟು ಕಷ್ಟಪಡಬೇಕೆ ಆ ಜನ?

ಪದವೇನೋ ಬಾಯಿಗೆ ಬಂತು. ಹಾಕುವುದೆಲ್ಲಿ?
ಹೊಸ ಬಿಂದಿಗೆ ಕೊಂಡು, ಮನೆಯಲ್ಲಿ ಜಾಗವಿಲ್ಲದವಳ ಹಾಗೆ
ಸೊಂಟಕ್ಕಿಟ್ಟು ಬೀದಿ ತಿರುಗಿದೆ.
ಸೊಪ್ಪಿನವಳ ಮುಂದೆ ಇಳಿಸಿದರೆ
ಕಟ್ಟು ಹತ್ತೇ ರೂಪಾಯಿ ಅಕ್ಕ, ಕಮ್ಮಿ ಇಲ್ಲ, ಎಂದಳು.

ಆಮೇಲೆ ಬಂದರು ಲಿಖಿತನ ಅವ್ವ, ಕೆರಗೋಡಿನ ಕೆಂಪಾಜಮ್ಮ.
ಅರ್ಜಿಗೆ ಎರಡು ಕಾಪಿ, ಆಧಾರಿಗೆ ನಾಲ್ಕು.
ಹಿಂದೆ ಮೂವರು ಹುಡುಗರು, ಕೋಚಿಂಗಿನ ಮೇಷ್ಟ್ರು.
ಸಿಕ್ಕಿತು ಜಾಗ ಎಂದು ಬೆನ್ನು ನೆಟ್ಟಗೆ ಮಾಡಿ ಹೇಳಿಬಿಟ್ಟೆ:
ನಿಮ್ಮ ಮಗ ಈ ರಸ್ತೆಗೆಲ್ಲ ನೊಟೋರಿಯಸ್ಸು ಕಣಕ್ಕ!
ಹುಡುಗರು ಬಿದ್ದು ಬಿದ್ದು ನಕ್ಕರು.
ಮೇಷ್ಟ್ರು ಕರ್ಚೀಫಿನಲ್ಲಿ ಬಾಯಿ ಮುಚ್ಚಿಕೊಂಡರು.
ಕೆಂಪಾಜಮ್ಮ ಮಾತ್ರ ಕೈಮುಗಿದು,
ಎಲ್ಲಾ ನಿಮ್ಮಂಥೋರ ಆಶೀರ್ವಾದ ಕನವ್ವ, ಎಂದರು.

ಸಂಜೆ ಲಿಖಿತ ಒಬ್ಬನೇ ಬಂದ.
ಆಂಟಿ, ಅದು ಹೆಸರಾದವನಿಗೇ ಹೇಳೋದು,
ಆದರೆ ಕಳ್ಳತನ ಮಾಡಿ ಹೆಸರಾದವನಿಗೆ.
ಹಾಳೇಲಿ ‘ಪ್ರಸಿದ್ಧ’ ಅಂತ ಇತ್ತಲ್ಲೋ?
ಅದರ ಕೆಳಗೆ ಇನ್ನೊಂದು ಸಾಲಿತ್ತು ಆಂಟಿ.
ಇತ್ತು. ಮಿಷನ್ನು ನುಂಗಿದ್ದು ಅದನ್ನೇ.

ರಾತ್ರಿ ಮುದ್ದೆ ತಿರುವುವಾಗ ನೆನಪಾಯಿತು,
ಅಪ್ಪ ಆಲೆಮನೆಯಲ್ಲಿ ಪಾಕ ನೋಡುತ್ತಿದ್ದವನು.
ಕೊಪ್ಪರಿಗೆಯ ಕಬ್ಬಿನಹಾಲು ಕುದ್ದು ಕೆಂಪಾದಾಗ
ತಣ್ಣೀರಿಗೆ ಒಂದು ತೊಟ್ಟು ಬಿಟ್ಟು, ಬೆರಳಲ್ಲಿ ಉರುಳಿಸಿ
ಇನ್ನೊಂದು ಉಸಿರು ತಡೀರಿ ಅನ್ನುವನು.
ಆ ಉಸಿರಿಗೆ ಮುಂಚೆ ಇಳಿಸಿದರೆ ಜೋನಿಬೆಲ್ಲ,
ದಾಟಿದರೆ ಸೀದ ವಾಸನೆ.
ಬೆಂಕಿ ಅದೇ, ಕೊಪ್ಪರಿಗೆ ಅದೇ, ಕಬ್ಬೂ ಅದೇ ಗದ್ದೆಯದು.

ಕನ್ನಡದಲ್ಲಿ ನನಗಿದು ಗೊತ್ತು, ಯಾರೂ ಕಲಿಸಿದ್ದಲ್ಲ.
ಹುಡುಗಿ ಚೂಟಿ ಎಂದರೆ ಬೀಗರು ನಗುತ್ತಾರೆ,
ಚಾಲಾಕಿ ಎಂದರೆ
ಕಾಫಿ ಲೋಟ ಕೆಳಗಿಟ್ಟು ಎದ್ದೇಳುತ್ತಾರೆ.

ಈಗ ಲಿಖಿತನೂ ನಾನೂ ಒಪ್ಪಂದ ಮಾಡಿಕೊಂಡಿದ್ದೇವೆ,
ವಾಕ್ಯಕ್ಕೆ ಒಂದು ಕಾಪಿ ಬಿಟ್ಟಿ.
ರೆಟಿಸೆಂಟ್: ನನ್ನ ಗಂಡ, ಊಟ ಮುಗಿಯುವವರೆಗೆ.
ಆಂಬಿಗ್ಯುಯಸ್: ಕರೆಂಟು ಯಾವಾಗ ಬರುತ್ತೆ ಅಂದರೆ
ಆಫೀಸಿನವರು ಕೊಡುವ ಉತ್ತರ.
ಯುಬಿಕ್ವಿಟಸ್ಸಿನ ಹರಿದ ಅರ್ಧವೂ ಸಿಕ್ಕಿತು.
ಎಲ್ಲೆಲ್ಲೂ ಇರುವುದು ಅಂತೆ. ನಾನು ದೇವರು ಎಂದೆ,
ಅವನು ಮೊಣಕೈ ಕೆರೆದುಕೊಳ್ಳುತ್ತ, ಸೊಳ್ಳೆ ಎಂದ.
ಎರಡೂ ಸರಿಯಂತೆ.

ನಿನ್ನೆ ಅಪ್ಪ ಬಂದಿದ್ದ, ಪೆನ್ಷನ್ನಿನ ಕಾಗದ ಹಿಡಿದು.
ನಾಲ್ಕು ಹಾಳೆ. ಕೌಂಟರಿನ ಮೇಲೆ ಕುಟ್ಟಿ ಅಂಚು ಕೂಡಿಸಿದ,
ಬೆರಳು ಒದ್ದೆ ಮಾಡಿ ಎರಡು ಸಲ ಎಣಿಸಿದ,
ತಲೆಕೆಳಗಾಗಿದ್ದ ಒಂದನ್ನು ತಿರುಗಿಸಿದ,
ಪಿನ್ನು ಚುಚ್ಚಿದ ಮೂಲೆಯನ್ನು ಉಗುರಿನಲ್ಲಿ ಒತ್ತಿದ.
ನಾನು ನೋಡುತ್ತಿದ್ದೆ.
ನಾಲಿಗೆಯ ಮೇಲಿನ ಪದವನ್ನು ಉರುಳಿಸಿದೆ.
ಇನ್ನೊಂದು ಉಸಿರು ತಡೆದೆ.

ಅಪ್ಪ, ನೀನು ಮೆಟಿಕ್ಯುಲಸ್ಸು.

ತಲೆ ಎತ್ತಿ ಕನ್ನಡಕದ ಮೇಲಿಂದ ನೋಡಿದ.
ಯಾಕವ್ವ, ನಾನೇನ್ ಮಾಡ್ದೆ?