ಯಾರಾ

ಶನಿವಾರ ಏಳಕ್ಕೇ ಗಾಡಿ ತೊಳೆದು ನಿಂತಿದ್ದೆ
ತೋರಣಗಲ್ಲಿನ ಕ್ವಾರ್ಟರ್ಸಿನ ಮುಂದ.
ತೊಳೆದದ್ದು ಕುಡಿತಿನಿ ದಾಟೂತನಕ ಮಾತ್ರ, ಗೊತ್ತು.
ಆಮೇಲೆ ಈ ಸೀಮೆ ತನ್ನ ಬಣ್ಣ ತಾನೇ ಬಳೀತೈತಿ.

ಮೇಡಂ ಬಂದರು, ಕೈಯಾಗ ಮೂರು ಸ್ಕೂಲಿನ ಚೀಟಿ.
ಬ್ರೆಜಿಲಿನವರು. ಸಾಹೇಬರು ಕುಲುಮೆ ಕೂಡಿಸಾಕ ಬಂದೋರು,
ಎರಡು ವರ್ಷದ ಕರಾರು.
ಮಗಳಿಗೆ ಎಂಟು.
ಮೊದಲ ದಿನ ಕೇಳಿದ್ದೆ, ಹೆಸರೇನವ್ವಾ?
ಯಾರಾ, ಅಂದಳು.
ನೀನೇ, ಅಂದೆ.
ಯಾರಾ!
ಅದನ್ನೇ ಕೇಳಾಕತ್ತೀನಿ ತಾಯಿ, ನೀನೇ!
ತಿಳಿದ ಮೇಲೆ ಸ್ಟೇರಿಂಗ್ ಮೇಲೆ ಬಿದ್ದು ನಕ್ಕೆ. ಅವಳಿಗೆ ಸಿಟ್ಟು ಬಂತು.

ಬಳ್ಳಾರಿ ಬೈಪಾಸಿನ ಸ್ಕೂಲು:
ಗೇಟಿನ ಮೇಲೆ ಸಿಮೆಂಟಿನ ಭೂಮಿ, ಒಳಗ ಮೋಟಾರು.
ಕರೆಂಟು ಹೋಗಿ ಆಫ್ರಿಕಾ ನಮ್ಮ ಕಡೆ ನೋಡುತ್ತ ನಿಂತಿತ್ತು.
ಗೋಡೆ ತುಂಬ ಬಾವುಟ. ಯಾರಾ ತನ್ನದು ಹುಡುಕಿದಳು;
ಹಸಿರಿತ್ತು, ಹಳದಿಯಿತ್ತು,
ನಡುವಿನ ನೀಲಿ ಗುಂಡು ಸುಣ್ಣದ ಜೊತೆ ಉದುರಿತ್ತು.
ಮೇಡಂ ಇಂಗ್ಲಿಷು ಪ್ರಿನ್ಸಿಪಾಲರಿಗೆ ಹತ್ತಲಿಲ್ಲ, ಅವರದು ಇವರಿಗೆ.
ನಡುವೆ ನನ್ನ ಮುರುಕು ಇಂಗ್ಲಿಷೇ ಸೇತುವೆ.
ಬೇರೆ ದೇಶದ ಮಕ್ಕಳು ಎಷ್ಟದಾರ?
ಅವರು ಕನ್ನಡಕ ತೆಗೆದು ಒರೆಸಿದರು:
'ಇವತ್ತು ಸೇರಿಸಿದರೆ, ಒಂದು.'

ಸಿರುಗುಪ್ಪ ರಸ್ತೆಗೆ ಎರಡನೇದು,
ಮೆಣಸಿನಕಾಯಿ ಹೊಲದಾಗ ಗಾಜಿನ ಕಟ್ಟಡ.
ಕುದುರೆ ಸವಾರಿ ಫೀಸಿನೊಳಗೇ ಸೇರೈತಂತ.
ಕುದುರೆ ಒಂದೇ. ಬೇವಿನ ನೆರಳಾಗ ನಿಂತಲ್ಲೇ ತೂಕಡಿಸುತ್ತಿತ್ತು.
ಮೇಡಂ ಅದರ ಕಡೆ ನೋಡಲಿಲ್ಲ.
ಎರಡು ವರ್ಷಕ್ಕೆ ನಾವು ಹೋಗೋ ಊರಾಗ
ನಿಮ್ಮ ಸರ್ಟಿಫಿಕೇಟು ನಡೀತೈತಾ?
ಯಾವ ಊರು, ಅಂದರು.
ಅದು ಮೇಡಂಗೂ ಗೊತ್ತಿರಲಿಲ್ಲ.

ಗಾಡಿಯಾಗ ಬೆರಳು ಮಡಚಿ ಎಣಿಸಿದರು.
ಚೀನಾದಾಗ ಒಂದು, ಪೋಲೆಂಡಿನಾಗ ಒಂದು...
ನಾನು ಮೂರನೇತ್ತ ತನಕ ಗುಂತಕಲ್ಲಿನಾಗ ಓದಿದೋನು, ತೆಲುಗು.
ಅಪ್ಪಗೆ ಜೀನ್ಸ್ ಹೊಲಿಯೋ ಕೆಲಸ ಸಿಕ್ಕು ಕೌಲ್ ಬಜಾರಿಗೆ ಬಂದ್ವಿ.
ಎರಡೂ ಅಕ್ಷರ ಅಣ್ಣತಮ್ಮಂದಿರು, ತಲೆಕಟ್ಟು ಮಾತ್ರ ಬೇರೆ.
ಅಲ್ಲಿಯ ಗೀಟು ಇಲ್ಲಿ ಎಳೆದೆ;
ಮೇಷ್ಟ್ರು ನನ್ನ ತಲೆಮೇಲೇ ತಲೆಕಟ್ಟು ತಿದ್ದಿದರು.
ಆರು ತಿಂಗಳು ಕ್ಲಾಸಿನಾಗ ಬಾಯಿ ಬಿಚ್ಚಲಿಲ್ಲ.
ಇದನ್ನ ಹೇಳಬೇಕಂತ ಈಗ ಬಿಚ್ಚಿದೆ.
ತಲೆಕಟ್ಟಿಗೆ ನನ್ನ ಇಂಗ್ಲಿಷಿನಾಗ ಮಾತಿಲ್ಲ.
'ರೋಡ್ ಬ್ಯಾಡ್ ಮೇಡಂ' ಅಂದೆ.

(ನನ್ನ ಮಗಳ ಸ್ಕೂಲೂ ಹೋದ ಜೂನಿನಿಂದ ಇಂಟರ್‌ನ್ಯಾಷನಲ್ಲು.
ಬೆಂಚು ಅವೇ. ಬೋರ್ಡು ಉದ್ದ ಆತು,
ಫೀಸು ನಾಲ್ಕು ಸಾವಿರ ಏರಿತು.)

ಸಂಡೂರು ದಾರಿಯ ಮೂರನೇದಕ್ಕೆ ಬೀಗ.
ಅರ್ಧ ದಿನದ ಶಾಲೆ, ವಾಚ್‌ಮನ್ ಬುತ್ತಿ ಬಿಚ್ಚಿದ್ದ.
ಯಾರಾ ಇಳಿದು ಒಂದು ಹಿಡಿ ಮಣ್ಣು ಎತ್ತಿ
ಅವ್ವನ ಮೂಗಿನ ತನಕ ಹಿಡಿದು ಏನೋ ಅಂದಳು.
ಮೇಡಂ ಬಹಳ ಹೊತ್ತು ಆ ಮುಷ್ಟಿ ಬಿಡಲಿಲ್ಲ.
ಅವರ ಕಡೆಯೂ ಗುಡ್ಡ ಕಡೀತಾರಂತ, ಅದಿರಿಗೆ.
ಇದೇ ಕೆಂಪಂತ. ಒಗೆದರೆ ಹೋಗಲ್ಲಂತ.

ಹಿಂದಿನ ಗಾಜಿನ ಧೂಳಿನಾಗ ಅವಳು ತನ್ನ ಹೆಸರು ಬರೆದಳು,
ಕೆಳಗ ನನಗೆ ಜಾಗ ತೋರಿಸಿದಳು.
ಬರೆದೆ. ದೀರ್ಘ ಎಳೆಯುವಾಗ
ಬೆರಳು ತಾನಾಗಿ ಗುಂತಕಲ್ಲಿನ ಕಡೆ ತಿರುಗಿತು,
ಮೂವತ್ತು ವರ್ಷದ ಮೇಲೆ.
ಅಳಿಸೋದರೊಳಗ ಅವಳು ಅದೇ ಸೊಟ್ಟು ಕೊಂಬನ್ನು
ಚಂದಾಗಿ ನಕಲು ಮಾಡಿದ್ದಳು.

ಕತ್ತಲಿಗೆ ವಾಪಸು. ಮೇಡಂ ತೊಡೆಮೇಲೆ ಎರಡು ಫಾರಂ,
'ಸ್ವಂತ ಊರು' ಅನ್ನೋ ಮನೆ ಎರಡರಾಗೂ ಖಾಲಿ,
ಪೆನ್ನಿನ ಮುಚ್ಚಳ ಸೀಟಿನ ಕೆಳಗ ಉರುಳಿ ಹೋಗಿತ್ತು.
ಗೇಟಿನಾಗ ಹೊಸ ಸೆಕ್ಯೂರಿಟಿ ಟಾರ್ಚು ಬಿಟ್ಟ.
'ಎರ್ರಿಸ್ವಾಮಿ, ಹಿಂದ ಯಾರಾ?'

'ಹೂಂ' ಅಂದಳು, ನಿದ್ದೆಗಣ್ಣಿನಾಗ.