ನಾಲ್ಕಿಂಚು

ಬೋರ್ಡು ಬರೆಯೋಳು ನೀನೇ ಏನವ್ವ?
ಹಂಗಾದರೆ ಆ ಬ್ರಷ್ಷು ಒಂದು ಗಳಿಗೆ ಕೆಳಗಿಡು.
‘ಮಾರಿಸ್ ಮೈನರ್, ಬ್ರಿಟನ್, ಸಾವಿರದೊಂಬೈನೂರ ನಲವತ್ತೊಂಬತ್ತು’
ಇಷ್ಟೇ ಬರೆದರೆ
ಸತ್ತವರ ಫೋಟೋದಡಿ ಬರೆದಂಗಾಗ್ತದೆ.

ನಾನು ರೇವಣಸಿದ್ದ. ಪಿ.ಬಿ. ರೋಡಿನಲ್ಲಿ
ಮೂವತ್ತೆಂಟು ವರ್ಷ ಕಾರಿನ ಸೀಟು ಹೊಲಿದವನು.
ಈ ಗೋದಾಮಿಗೂ ನನಗೂ ಹಳೇ ಲೇವಾದೇವಿ.
ಅಗೋ, ಅರ್ಧ ಮೈಯೆಲ್ಲ ಮೂಗೇ ಆಗಿರೋ ಆ ಜಾಗ್ವಾರು ನಿಂತೈತಲ್ಲ,
ಅಲ್ಲಿ ಹತ್ತಿ ಅಂಡಿಗೆ ಒಟ್ಟುತ್ತಿದ್ದರು.
ಉದುರಿದ್ದು ನಮ್ಮ ಸೀಟಿನ ಹೊಟ್ಟೆಗೆ.
ತೊಲೆಯ ಸಂದಿನಲ್ಲಿ ಇನ್ನೂ ಒಂಚೂರು ಸಿಕ್ಕೊಂಡೈತೆ,
ಫ್ಯಾನು ಹಾಕಿದರೆ ಅಲ್ಲಾಡ್ತದೆ.

ಮೂಲೆಯ ಆಕ್ಸ್‌ಫರ್ಡನ್ನ ಬಂದವರೆಲ್ಲ ಅಂಬಾಸಿಡರ್ ಅಂತಾರೆ,
ತಾಯಿಯನ್ನ ಮಗಳ ಹೆಸರಿಂದ ಕರೆದಂಗೆ.
ಅದಿರಲಿ. ಈ ಪುಟ್ಟದರ ಮುಂದೆ ಬಾ, ಕುಕ್ಕರುಗಾಲಲ್ಲಿ ಕೂತ್ಕೋ,
ಬಂಪರಿನ ನಡುಮಧ್ಯ ಬೆರಳಾಡಿಸು.

ಸಿಕ್ಕಿತಾ?

ಎರಡು ತುಂಡು, ನಡುವೆ ಒಂದು ಪಟ್ಟಿ.
ಯಾವುದೋ ಲಾರಿಗೆ ಗುದ್ದಿ
ಹರಿಹರದ ಹತ್ತಿರ ಬೆಸೆಸಿರಬೇಕು ಅಂದ್ಕೊಂಡಿದ್ದೆ ನಾನೂ.
ಗೌಸ್‌ಪೀರ್ ನಕ್ಕ. ಬಾಷಾ ನಗರದ ಟಿಂಕರ್ ಗೌಸ್‌ಪೀರ್,
ಕಣ್ಣು ಮುಚ್ಚಿ ತಗಡು ಓದೋನು.
‘ಇದು ಪೆಟ್ಟಲ್ಲ ರೇವಣ್ಣ. ಬಿಚ್ಚಿ ಅಗಲ ಮಾಡಿದ್ದು.’

ಸಮುದ್ರದಾಚೆ ನಕ್ಷೆ ಮುಗಿದಿತ್ತಂತೆ, ಮಾದರಿ ನಿಂತಿತ್ತಂತೆ.
ಗೀಚಿದಾತನಿಗೆ ಮಾತ್ರ ಸಮಾಧಾನವಿಲ್ಲ:
ಬಿಗಿ ಅಂಗಿ ತೊಟ್ಟ ಹುಡುಗನಂಗೆ ಕಾಣ್ತಾ ಇತ್ತು ಕಾರು.
ಒಂದು ರಾತ್ರಿ ನಡುವೆ ಸೀಳಿಸಿದ.
ಎರಡು ಹೋಳನ್ನೂ ಸರಿಸಿ ಸರಿಸಿ ನೋಡಿದ.
ನಾಲ್ಕಿಂಚಿಗೆ ಸಾಕು ಅಂದ.
ಆಗಲೇ ಬಂಪರುಗಳು ಅಚ್ಚಾಗಿ ರಾಶಿ ಬಿದ್ದಿದ್ದವು.
ಸಾಹೇಬರಾದರೇನು, ಎಸೆಯೋಕೆ ಅವರಿಗೂ ಹೊಟ್ಟೆ ಉರಿಯೋದೇ.
ಅವನ್ನೂ ಕುಯ್ದು ಪಟ್ಟಿ ಇಟ್ಟರು.

ನಮ್ಮವ್ವ ಮಿಲ್ಲಿನ ರೀಲಿಂಗ್ ಖಾತೆಯವಳು.
ಜೂನ್ ಬಂತಂದರೆ ನನ್ನ ಖಾಕಿ ಚಡ್ಡಿ ಹಿಂದೆ ಸೀಳಿ
ಒಂದು ಪಟ್ಟಿ ಕೊಡೋಳು.
ಪಟ್ಟಿ ಹೊಸಾದು, ಚಡ್ಡಿ ಹಳೇದು.
ಪ್ರಾರ್ಥನೆಗೆ ನಿಂತರೆ ಹಿಂದಿನ ಸಾಲು ಕಿಸಕ್ಕೆನ್ನೋದು.
ಯಾರಿಗೆ ಗೊತ್ತಿತ್ತು,
ಒಂದು ಕಾರೂ ಹಿಂಗೇ ಲೋಕಕ್ಕೆ ಹೊರಟಿತ್ತು ಅಂತ.

ಧಣಿಗಳ ಮಗ ಹೇಳಿದ್ದ:
‘ಶೋಗೆ ಚೆನ್ನಾಗಿರಲ್ಲ, ಅಖಂಡದ್ದು ಹಾಕು.’
ರಂಜಾನ್ ತಿಂಗಳು. ಮನೇಲಿ ಮಗಳ ಹೆರಿಗೆ.
ಗೌಸ್‌ಪೀರ್ ಮುಂಗಡದ ದುಡ್ಡು ಎಣಿಸಿ ಬಾನೆಟ್ ಮೇಲಿಟ್ಟ.
ಒಂದು ಮಾತಾಡಲಿಲ್ಲ.
ಹುಡುಗ ಯಾಕೋ ಸುಮ್ಮನಾದ.
ಆ ಪಟ್ಟಿ ಉಳಿದದ್ದು ಹಂಗೆ.

ಈಗ ಅವನ ಕೈ ನಡುಗ್ತದೆ, ಸುತ್ತಿಗೆ ಹಿಡಿಯೋಕಾಗಲ್ಲ.
ಸಂಜೆ ಮಂಡಕ್ಕಿ ಕಟ್ಟಿಸ್ಕೊಂಡು ಹೋದರೆ
ಚಾಪೆ ಮೇಲೆ ಒಂದೊಂದೇ ಹೆಕ್ಕಿ ತಿಂತಾನೆ,
ಆಮೇಲೆ ಕೇಳ್ತಾನೆ: ‘ಐತಾ?’
‘ಐತೆ’ ಅಂತೀನಿ.

ಇಷ್ಟೆಲ್ಲ ಬರೆಯೋಕೆ ಜಾಗ ಎಲ್ಲೈತೆ ಅಂತೀಯಾ?
ಬೋರ್ಡು ಚಿಕ್ಕದಾಯ್ತಾ?

ನಡುವೆ ಸೀಳವ್ವ.
ಗರಗಸ ನಾನು ತರ್ತೀನಿ.